ಸಹಾಯ ಬೇಕು: ಮುಳ್ಳಯ್ಯನಗಿರಿ ಹತ್ತೋಕೆ ಯಾವ ಗೇರ್ ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ಮಳೆ ಮುಗಿದ ಮೇಲೆ ಚಿಕ್ಕಮಗಳೂರಿನಿಂದ ಕೈಮರ, ಸೀತಾಳಯ್ಯನಗಿರಿ ದಾರಿಯಾಗಿ ಮುಳ್ಳಯ್ಯನಗಿರಿಗೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದೇನೆ. ಶಿಖರ 1,930 ಮೀಟರ್, ಊರೇ ಸಾವಿರ ಮೀಟರ್ ಮೇಲಿದೆ. ಲೆಕ್ಕದಲ್ಲಿ ಸುಲಭ ಅನ್ನಿಸುತ್ತೆ, ಆದರೆ ಆ ತಿರುವುಗಳು ಲೆಕ್ಕ ಕೇಳಲ್ಲ ಅಲ್ವಾ!

ನನ್ನದು ಎಂಟಿಬಿ (ಮೌಂಟನ್ ಬೈಕ್). ಮುಂದೆ 32 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ), ಹಿಂದೆ 9 ಸ್ಪೀಡ್, 11-34 ಕ್ಯಾಸೆಟ್, ಅಂದರೆ 11ರಿಂದ 34 ಹಲ್ಲಿನವರೆಗಿನ ಹಲ್ಲುಚಕ್ರಗಳ ಸೆಟ್. ನಂದಿಬೆಟ್ಟದ ಕೊನೆಯ ತಿರುವುಗಳಲ್ಲಿ ಕೂತು ತುಳಿಯೋಕೆ ಆಗಲ್ಲ, ಎದ್ದು ನಿಂತೇ ತುಳಿಯಬೇಕು. ಮೊಣಕಾಲು ಮರುದಿನ ಮಾತಾಡುತ್ತೆ.

ಮುಂದೆ 30 ಹಾಕಿಸಿದರೆ ಖರ್ಚು ಕಡಿಮೆ, ಆದರೆ ಸಿಗೋ ಹಗುರ ಬರೀ 6 ಪರ್ಸೆಂಟ್. ನನ್ನ ಕ್ರ್ಯಾಂಕ್‌ಗೆ (ಪೆಡಲ್ ಕೂರೋ ತೋಳು) ಅದಕ್ಕಿಂತ ಚಿಕ್ಕದು ಕೂರಲ್ಲ. ಹಿಂದೆ 11-42 ಹಾಕಿಸಿದರೆ ಸುಮಾರು 19 ಪರ್ಸೆಂಟ್ ಹಗುರ. ಆದರೆ ಚೈನ್ ಉದ್ದ ಆಗಬೇಕು, ಡಿರೇಲರ್ (ಚೈನನ್ನ ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸೋ ಭಾಗ) ಕೂಡ ಬದಲಾಯಿಸಬೇಕು ಅಂತಾರೆ ಅಂಗಡಿಯವರು. ಉದ್ದನೆಯ ಹ್ಯಾಂಗರ್ (ಡಿರೇಲರ್ ನೇತು ಹಾಕೋ ತುಂಡು) ಹಾಕಿ ಹಳೇ ಡಿರೇಲರ್‌ನಲ್ಲೇ ಓಡಿಸಿದವರು ಯಾರಾದರೂ ಇದ್ದೀರಾ? ಗೇರ್ ಸರಿಯಾಗಿ ಬೀಳುತ್ತಾ?

ಇಳಿಯೋದರ ಬಗ್ಗೆ ಇನ್ನೂ ಜಾಸ್ತಿ ಭಯ. ಕೇಬಲ್ ಡಿಸ್ಕ್ ಬ್ರೇಕ್, ರೆಸಿನ್ ಪ್ಯಾಡ್ (ಅಂಟಿನಿಂದ ಮಾಡಿದ ಮೆದು ಪ್ಯಾಡ್). ಸುಮ್ನೆ ಹಿಡಿದುಕೊಂಡೇ ಇಳಿದರೆ ಬಿಸಿಯಾಗಿ ಹಿಡಿತ ತಪ್ಪುತ್ತೆ. ಮೆಟಲ್ ಪ್ಯಾಡ್ ಹಾಕೋಣ ಅಂದರೆ ರೋಟರ್ (ಪ್ಯಾಡ್ ಹಿಡಿಯೋ ಡಿಸ್ಕ್) ಮೇಲೆ 'ರೆಸಿನ್ ಮಾತ್ರ' ಅಂತಿದೆ. ರೋಟರೂ ಬದಲಾಯಿಸೋದು ಒಳ್ಳೇದಾ?

ಚಿಕ್ಕಮಗಳೂರಿನವರು ಇನ್ನೊಂದು ಹೇಳಿ. ಕೈಮರ ಚೆಕ್‌ಪೋಸ್ಟ್‌ನಲ್ಲಿ ಸೈಕಲ್‌ಗೂ ಮೊದಲೇ ಬುಕ್ ಮಾಡಿರಬೇಕಾ? ವಾರದ ದಿನ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ? ವೀಕೆಂಡ್ ಜೀಪುಗಳ ನಡುವೆ ಹತ್ತೋ ಆಸೆ ನನಗಂತೂ ಇಲ್ಲ.