ಕಂಪ್ಯೂಟರ್ ಟೆಸ್ಟಲ್ಲಿ ಅಟೆನ್ಷನ್ ವೀಕ್ ಅಂತ ಬಂದಿದೆ, ಇದು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಏನಾ?

ಲೆಕ್ಕದ ಮೇಷ್ಟ್ರಲ್ಲ:
ವಯಸ್ಸು 36, ಅಕೌಂಟ್ಸ್ ಕೆಲಸ. ಒಂದ್ ವರ್ಷದಿಂದ ಏನಾಗ್ತಿದೆ ಅಂದ್ರೆ ಒಂದು ಶೀಟಲ್ಲಿ ನಂಬರ್ ನೋಡಿ ಇನ್ನೊಂದು ಶೀಟಿಗೆ ಬರೋಷ್ಟ್ರಲ್ಲಿ ಅದು ತಲೆಯಿಂದ ಹಾರೋಗಿರತ್ತೆ, ಮೀಟಿಂಗಲ್ಲಿ ಹ್ಞೂಂ ಹ್ಞೂಂ ಅಂತ ಕೂತಿರ್ತೀನಿ ಕೊನೆಗೆ ಏನ್ ಡಿಸೈಡ್ ಆಯ್ತು ಅಂದ್ರೆ ಗೊತ್ತಿಲ್ಲ. ಒಂದ್ ಕಡೆ ಟೆಸ್ಟ್ ಮಾಡಿಸ್ದೆ. ಸ್ಕ್ರೀನ್ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಬರತ್ತೆ, ಎಲ್ಲದಕ್ಕೂ ಸ್ಪೇಸ್‌ಬಾರ್ ಒತ್ಬೇಕು, ಎಕ್ಸ್ ಬಂದ್ರೆ ಮಾತ್ರ ಒತ್ಬಾರ್ದು. ಸುಮಾರು ಕಾಲು ಗಂಟೆ ಇದೇ. ಎಕ್ಸ್ ಅಂತ ಕಣ್ಣಿಗೆ ಕಾಣ್ತಿದೆ, ಅಷ್ಟ್ರಲ್ಲಿ ಬೆರಳು ಒತ್ತೇ ಬಿಟ್ಟಿರತ್ತೆ! ಆಮೇಲೆ ಎರಡು ಅಕ್ಷರದ ಹಿಂದೆ ಬಂದಿದ್ದೇ ಈಗ್ಲೂ ಬಂದ್ರೆ ಒತ್ತೋದು, ಅದ್ರಲ್ಲಂತೂ ಅರ್ಧಕ್ಕೇ ಕಳೆದೋದೆ. ರಿಪೋರ್ಟಲ್ಲಿ ಕಮಿಷನ್ ಟಿ ಸ್ಕೋರ್ 62, ವರ್ಕಿಂಗ್ ಮೆಮೊರಿ (ಕೆಲಸ ಮಾಡ್ತಾ ತಲೇಲಿ ಹಿಡಿದಿಟ್ಕೊಳ್ಳೋ ನೆನಪು) ಬಿಲೋ ಆವರೇಜ್ ಅಂತಿದೆ. 62 ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ ಮತ್ಯಾಕೆ ಕೆಂಪು ಬಣ್ಣದಲ್ಲಿದೆ? ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ, ಅಲ್ಲಿವರ್ಗೂ ನಿದ್ದೆ ಬರಲ್ಲ.

ಮಲ್ಲಿಗೆಮೊಗ್ಗು:
ನಾನು ಕ್ಲಿನಿಕಲ್ ಸೈಕಾಲಜಿ ಓದಿರೋಳು, ನಿಮ್ಮನ್ನ ನೋಡದೆ ಡಯಾಗ್ನೋಸಿಸ್ ಅಂತೂ ಹೇಳಲ್ಲ. ಮೊದಲು ಆ 62. ಅದು ನೂರಕ್ಕೆ ಅರವತ್ತೆರಡು ಮಾರ್ಕ್ಸ್ ಅಲ್ಲ :) ಟಿ ಸ್ಕೋರಲ್ಲಿ 50 ಅಂದ್ರೆ ಸರಾಸರಿ, ಈ ಟೆಸ್ಟಲ್ಲಿ ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ. 62 ಅಂದ್ರೆ ನಿಮ್ಮ ವಯಸ್ಸಿನ ನೂರು ಜನ್ರಲ್ಲಿ ಹೆಚ್ಚುಕಮ್ಮಿ 88 ಜನಕ್ಕಿಂತ ನೀವು ಒತ್ಬಾರ್ದಾಗ ಒತ್ತಿದ್ದು (ಕಮಿಷನ್ ಅಂದ್ರೆ ಅದೇ) ಜಾಸ್ತಿ ಅಂತ. ಸ್ವಲ್ಪ ಏರಿದೆ, ಆಕಾಶ ಬಿದ್ದಿಲ್ಲ. ಇನ್ನೊಂದು, ಇಂಥ ಟೆಸ್ಟ್‌ಗಳ ನಾರ್ಮ್ಸ್, ಅಂದ್ರೆ ಹೋಲಿಸೋಕೆ ಇಟ್ಕೊಂಡಿರೋ ಅಂಕಿಗಳು, ಎಷ್ಟೋ ಸಲ ಅಮೆರಿಕದ ಜನರದ್ದು. ನಿಮ್ಹಾನ್ಸ್‌ನೋರು 2004ರಲ್ಲಿ ತಂದ ಟೆಸ್ಟ್‌ಗಳ ಸೆಟ್ಟಲ್ಲಿ (ಬ್ಯಾಟರಿ ಅಂತಾರೆ) ನಮ್ಮ ಜನರದ್ದೇ ನಾರ್ಮ್ಸ್ ಇದೆ, ವಯಸ್ಸು, ಓದು, ಗಂಡು-ಹೆಣ್ಣು ಅಂತ ಬೇರೆಬೇರೆ. ನಿಮ್ಮನ್ನ ಯಾರ ಜೊತೆ ಹೋಲಿಸಿದಾರೆ ಅಂತ ಕೇಳಿ.

ಎಡಿಎಚ್‌ಡಿ ಈ ಟೆಸ್ಟಿಂದ ತೀರ್ಮಾನ ಆಗಲ್ಲ. ಡಿಎಸ್‌ಎಂ-5 (ಮಾನಸಿಕ ತೊಂದರೆ ಗುರುತಿಸೋಕೆ ಡಾಕ್ಟರ್‌ಗಳು ನೋಡೋ ಕೈಪಿಡಿ) ಪ್ರಕಾರ 12 ವರ್ಷಕ್ಕೆ ಮುಂಚೇನೇ ಕೆಲವು ಲಕ್ಷಣ ಇದ್ದಿರ್ಬೇಕು, ಆಫೀಸಲ್ಲಿ ಮಾತ್ರ ಅಲ್ಲ ಮನೇಲೂ ಕಾಣ್ಬೇಕು. ನೀವು ಒಂದ್ ವರ್ಷದಿಂದ ಅಂತೀರ, ನನಗೆ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. ಉಲ್ಟಾನೂ ಆಗತ್ತೆ, ನಿಜವಾಗ್ಲೂ ಎಡಿಎಚ್‌ಡಿ ಇರೋರು ಆ ಸದ್ದಿಲ್ಲದ ರೂಮಲ್ಲಿ, ಹೊಸ ಆಟ ಅನ್ನೋ ಹುರುಪಲ್ಲಿ ಚೆನ್ನಾಗೇ ಮಾಡಿ ಬರ್ತಾರೆ.

ಬಿಟ್‌ಬೈಟ್:
ಮನೇಲಿ ಬ್ರೌಸರಲ್ಲಿ ಇನ್ನೊಂದ್ ಸಲ ಮಾಡಿ ಹೋಲಿಸ್ಬೇಡಿ ದಯವಿಟ್ಟು. ಇಂಥ ಟೆಸ್ಟಲ್ಲಿ ಎಷ್ಟು ಬೇಗ ಒತ್ತಿದ್ರಿ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಮಾಮೂಲಿ ಸ್ಕ್ರೀನ್ 60 ಹರ್ಟ್ಸ್, ಚಿತ್ರ ಬದಲಾಗೋದೇ ಸುಮಾರು 17 ಮಿಲಿಸೆಕೆಂಡಿಗೊಂದ್ ಸಲ, ಅದರ ಮೇಲೆ ಕೀಬೋರ್ಡ್ ತಡ, ಬ್ಲೂಟೂತ್ ಆದ್ರೆ ಕೇಳ್ಲೇಬೇಡಿ. ಟೋವಾ ಅನ್ನೋ ಟೆಸ್ಟಲ್ಲಿ ಇದಕ್ಕೇ ಅಂತ ಬೇರೆ ಸ್ವಿಚ್ಚನ್ನೇ ಕೈಗೆ ಕೊಡ್ತಾರೆ.

ಹುಬ್ಳಿ ಗಿರ್ಮಿಟ್:
ಅಣ್ಣಾರ, ಮೊದ್ಲ ನಿದ್ದಿ ಹೆಂಗ ಐತಿ ಹೇಳ್ರಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸೀರೇನು? ನಮ್ಮ ಮಾಮಾಗ ಹಿಂಗ ಮರವು ಹತ್ತಿತ್ತು, ನೋಡಿದ್ರ ಬಿ12 ತಳಾ ಕಂಡಿತ್ತು.

ಲೆಕ್ಕದ ಮೇಷ್ಟ್ರಲ್ಲ:
ಅಯ್ಯೋ ನಿದ್ದೆ ಎಲ್ಲಿ ಸ್ವಾಮಿ, ಮನೇಲಿ ಚಿಕ್ಕ ಮಗು ಇದೆ, ರಾತ್ರಿ ಎರಡಕ್ಕೊಂದ್ ಸಲ ನಾಕಕ್ಕೊಂದ್ ಸಲ ಏಳ್ಬೇಕು. ಟೆಸ್ಟ್ ಮಾಡಿಸಿದ್ದೂ ತಿಂಗಳ ಕೊನೆ ಕ್ಲೋಸಿಂಗ್ ಮುಗಿಸ್ಕೊಂಡು ಸಂಜೆ ಆರಕ್ಕೆ. ಇದನ್ನ ಯಾರೂ ಕೇಳ್ಲಿಲ್ಲ ನಾನೂ ಹೇಳ್ಲಿಲ್ಲ. ಬ್ರೈನ್ ಟ್ರೇನಿಂಗ್ ಆಪ್ ಏನಾದ್ರೂ ಹಾಕ್ಕೊಳ್ಳಾ?

ಬಿಟ್‌ಬೈಟ್:
ದುಡ್ಡು ಉಳಿಸ್ಕೊಳಿ. ಆ ಆಟ ಆಡ್ತಾ ಆಡ್ತಾ ಆ ಆಟದಲ್ಲಿ ಹುಷಾರಾಗ್ತೀರ, ಜಿಎಸ್‌ಟಿ ರಿಟರ್ನಲ್ಲಿ ಅಲ್ಲ. ಲುಮಾಸಿಟಿ ಅನ್ನೋ ಬ್ರೈನ್ ಟ್ರೇನಿಂಗ್ ಆಪಿನ ಕಂಪನಿ ಜಾಹೀರಾತಲ್ಲಿ ಅತಿಯಾಗಿ ಹೇಳ್ಕೊಂಡಿತ್ತು ಅಂತ ಅಮೆರಿಕದ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಕೇಸ್ ಹಾಕಿ, 2016ರಲ್ಲಿ ಅವ್ರು 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡ್ಕೊಂಡ್ರು.

ಮಲ್ಲಿಗೆಮೊಗ್ಗು:
ನಿದ್ದೆಗೆಟ್ಟ ತಂದೆನ ಸಂಜೆ ಆರಕ್ಕೆ ಕೂರ್ಸಿ ಈ ಟೆಸ್ಟ್ ಕೊಟ್ಟಿದಾರಾ! ಆ ಅಂಕಿ ಆ ಸಂಜೆಯ ನಿಮ್ಮ ತಲೆದು ಅಷ್ಟೇ ಅಂದ್ಕೊಳಿ. ಡಾಕ್ಟರಿಗೆ ಮಗು, ನಿದ್ದೆ, ಟೆಸ್ಟಿನ ಟೈಮು, ಕುಡಿದ ಕಾಫಿ ಎಲ್ಲಾ ಹೇಳಿ, ರಿಪೋರ್ಟಿನ ಎಲ್ಲಾ ಪುಟ ತಗೊಂಡ್ಹೋಗಿ, ಬರೀ ಕೊನೆ ಪುಟ ಅಲ್ಲ. ಸ್ಕೂಲಲ್ಲಿ ಹೆಂಗಿದ್ದೆ ಅಂತ ಅಮ್ಮನ್ನ ಕೇಳ್ಕೊಂಡ್ ಹೋಗಿ, ಹಳೇ ಮಾರ್ಕ್ಸ್ ಕಾರ್ಡಲ್ಲಿ ಟೀಚರ್ ಏನಾದ್ರೂ ಷರಾ ಬರೆದಿದ್ರೆ ಅದನ್ನೂ.

ಲೆಕ್ಕದ ಮೇಷ್ಟ್ರಲ್ಲ:
ಅಮ್ಮಂಗೆ ಈಗ್ಲೇ ಫೋನ್ ಮಾಡ್ದೆ. "ನೀನು ಕೂತಲ್ಲೇ ಕೂತು ಓದ್ತಿದ್ದೆ, ನಿಮ್ಮಣ್ಣಂದೇ ಕಾಟ" ಅಂದ್ರು. ಬಿ12ಗೆ ನಾಳೆ ಬೆಳಗ್ಗೆ ರಕ್ತ ಕೊಡ್ತೀನಿ.