ಪದಚರ್ಚೆ: ದನಗಳ ವೈರಸ್ ಪರೀಕ್ಷೆಗೆ ಬೋರ್ಡಿನಲ್ಲಿ ಏನು ಬರೆಯೋಣ?

ಹಾಸನದಿಂದ:
ನಮಸ್ಕಾರ. ತುರ್ತಾಗಿ ಒಂದೆರಡು ಪದ ಬೇಕು. ಇಲ್ಲಿನ ಒಂದು ಪಶುರೋಗ ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಎರಡು ಕಿಟಕಿಗೆ ಬೋರ್ಡ್ ಬರೆಸಬೇಕು, ಸೋಮವಾರ ಪೇಂಟರ್ ಬರುತ್ತಾನೆ. ಒಂದು ಪಿಸಿಆರ್, ಅಂದರೆ ವೈರಸ್ಸನ್ನೇ ಹುಡುಕುವ ಪರೀಕ್ಷೆ; ಇನ್ನೊಂದು ಎಲೈಸಾ, ವೈರಸ್ ವಿರುದ್ಧ ದನದ ಮೈ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ನೋಡುವ ಪರೀಕ್ಷೆ. ಕರಡಿನಲ್ಲಿ ‘ವಿಷಾಣು ವಂಶವಾಹಿ ಪರಿಶೋಧನೆ’, ‘ಪ್ರತಿಕಾಯ ಪರಿಶೋಧನೆ’ ಅಂತಿದೆ. ಓದುವವರು ಸಕಲೇಶಪುರ, ಅರಕಲಗೂಡು ಕಡೆಯ ರೈತರು. ಬೇರೆ ಏನಾದರೂ ಹೊಳೆಯುತ್ತಾ?

ಉತ್ತರ:
ವಿಷಾಣು ಸರಿಯಾಗಿಯೇ ಇದೆ, ಮುಟ್ಟಬೇಡಿ. ಲ್ಯಾಟಿನ್ನಿನಲ್ಲಿ ವೈರಸ್ ಅಂದರೂ ವಿಷವೇ, ಸಂಸ್ಕೃತದ ‘ವಿಷ’ಕ್ಕೂ ಅದಕ್ಕೂ ಮೂಲ ಒಂದೇ. ಸಿದ್ಧಪದ ಇರುವಾಗ ಇಂಗ್ಲಿಷಿಗೆ ಯಾಕೆ ಕೈಚಾಚಬೇಕು?

ಉತ್ತರ:
ಅದೂ ಎರವಲೇ. ಸಂಸ್ಕೃತದ್ದಾದರೆ ಸ್ವಂತ, ಇಂಗ್ಲಿಷಿನದ್ದಾದರೆ ಸಾಲ ಅನ್ನುವ ಲೆಕ್ಕ ನಾನು ಒಪ್ಪಲ್ಲ. ವಿಷಕ್ಕೆ ನಮ್ಮದೇ ‘ನಂಜು’ ಇದೆ, ತಮಿಳಿನಲ್ಲೂ ಇದೆ. ‘ನಂಜುಳ’ ಅಂತ ಬರೆಯಿರಿ. ‘ಪರಿಶೋಧನೆ’ಯ ಬದಲಿಗೆ ‘ಪತ್ತೆ’ಯನ್ನೂ ತರಬೇಡಿ, ಅದು ಹಿಂದೂಸ್ತಾನಿ ಕಡೆಯಿಂದ ಬಂದದ್ದು.

ಚಿಕ್ಕಮಗಳೂರಿನಿಂದ, ದನದ ಡಾಕ್ಟರ್:
ನಂಜುಳ ಬೇಡವೇ ಬೇಡ. ಮೂಡಿಗೆರೆ ಕಡೆ ನಂಜು ಅಂದರೆ ಗಾಯ ಊದಿ ಕೀವಾಗುವುದು. ‘ಕಾಲು ನಂಜಾಗಿದೆ’ ಅಂತ ಫೋನ್ ಬಂದರೆ ಬೇಲಿ ತಂತಿ ಚುಚ್ಚಿರಬೇಕು ಅಂದುಕೊಂಡೇ ಹೊರಡುತ್ತೇನೆ, ವೈರಸ್ಸಿನಿಂದ ಬರುವ ಕಾಲುಬಾಯಿ ಜ್ವರ ನೆನಪಿಗೇ ಬರಲ್ಲ. ಇನ್ನು ವೈರಸ್ ಅನ್ನುವುದು ಕೊರೊನಾ ಆದಮೇಲೆ ಎಲ್ಲರ ಬಾಯಲ್ಲೂ ಇದೆ. ಆ ಜಗಳ ಅಲ್ಲಿಗೆ ಬಿಡಿ.

ತೊಂದರೆ ಇರುವುದು ಎರಡನೇ ಬೋರ್ಡಿನಲ್ಲಿ. ಪಿಸಿಆರ್ ಹುಡುಕುವುದು ವೈರಸ್ಸನ್ನೇ: ನಾಲಿಗೆಯ ಗುಳ್ಳೆ ಒಡೆದಾಗ ಸುಲಿದು ಬರುವ ಚರ್ಮದಲ್ಲಿ, ಚರ್ಮಗಂಟು ರೋಗದ ಹಕ್ಕಳೆಯಲ್ಲಿ. ರೋಗ ಈಗತಾನೇ ಶುರುವಾಗಿದ್ದರೂ ಸಿಗುತ್ತದೆ. ರಕ್ತದಲ್ಲಿ ಪ್ರತಿಕಾಯ ನೋಡುವ ಎಲೈಸಾ ಹಾಗಲ್ಲ. ಪ್ರತಿಕಾಯ ಹುಟ್ಟಲು ವಾರದ ಹತ್ತಿರ ಬೇಕು, ಆಮೇಲೆ ರೋಗ ವಾಸಿಯಾದರೂ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಹಾಕಿಸಿದ್ದರೂ ಬರುತ್ತದೆ. ರೈತನಿಗೆ ಬರೀ ‘ಪಾಸಿಟಿವ್’ ಅಂದರೆ ಚೆನ್ನಾಗಿರುವ ಹಸುವನ್ನು ಸಿಕ್ಕ ರೇಟಿಗೆ ಮಾರಿಬಿಡುತ್ತಾನೆ, ಅದು ನನಗೆ ಹೊಟ್ಟೆ ಉರಿಸುವ ವಿಷಯ. ಕಾಲುಬಾಯಿ ಜ್ವರದಲ್ಲಿ ಲಸಿಕೆಯ ಪ್ರತಿಕಾಯ ಯಾವುದು, ಸೋಂಕಿನದು ಯಾವುದು ಅಂತ ಬಿಡಿಸಲು ಎನ್‌ಎಸ್‌ಪಿ ಎಲೈಸಾ ಇದೆ. ವೈರಸ್ ದನದ ಮೈಯಲ್ಲಿ ಬೆಳೆಯುವಾಗ ಮಾಡುವ ಕೆಲವು ಪ್ರೋಟೀನುಗಳನ್ನು (ಎನ್‌ಎಸ್‌ಪಿ ಅಂದರೆ ಇವೇ) ಲಸಿಕೆ ತಯಾರಿಸುವಾಗ ತೆಗೆದಿರುತ್ತಾರೆ, ಅವುಗಳ ವಿರುದ್ಧದ ಪ್ರತಿಕಾಯ ಕಂಡರೆ ಸೋಂಕು ತಗುಲಿತ್ತು ಅಂತ ಅರ್ಥ. ವೈರಸ್ಸನ್ನೇ ಹಿಡಿದು ಅದು ಓ, ಎ, ಏಷ್ಯಾ-1 ಇವುಗಳಲ್ಲಿ ಯಾವ ಬಗೆ ಅಂತ ಹೇಳುವ ಎಲೈಸಾನೂ ಬೇರೆ ಇದೆ. ಹಾಗಾಗಿ ಬೋರ್ಡಿನಲ್ಲಿ ಸುಮ್ನೆ ‘ಎಲೈಸಾ’ ಅಂದರೆ ಸಾಲದು.

ನನ್ನ ಸಲಹೆ:
ಒಂದನೇ ಕಿಟಕಿ: ‘ವೈರಸ್ ಇದೆಯೇ? ಪಿಸಿಆರ್ ಪರೀಕ್ಷೆ. ಗುಳ್ಳೆ ಚರ್ಮ, ಹಕ್ಕಳೆ, ನೇರಳೆ ಮುಚ್ಚಳದ ಟ್ಯೂಬಿನ ರಕ್ತ.’
ಎರಡನೇ ಕಿಟಕಿ: ‘ಸೋಂಕು ಅಥವಾ ಲಸಿಕೆಯ ಗುರುತು ರಕ್ತದಲ್ಲಿದೆಯೇ? ಎಲೈಸಾ ಪರೀಕ್ಷೆ. ಕೆಂಪು ಮುಚ್ಚಳದ ಟ್ಯೂಬಿನ ರಕ್ತ.’

ಉತ್ತರ:
‘ಗುರುತು’ ಶಾಸ್ತ್ರೀಯವಲ್ಲ. ಪ್ರತಿಕಾಯ ಅಂತಲೇ ಇರಲಿ, ಓದಿ ಓದಿ ಜನ ಕಲಿಯುತ್ತಾರೆ.

ಉತ್ತರ:
‘ಸೋಂಕು’ ಉಳಿಸಿದ್ದೀರಲ್ಲ, ಅಷ್ಟು ಸಾಕು. ಮುಟ್ಟುವುದಕ್ಕೆ ಹಳಗನ್ನಡದಲ್ಲೇ ಇದ್ದ ಮಾತು. ವೈರಸ್ ಮಾತ್ರ ಈಗಲೂ ಒಪ್ಪಲ್ಲ.

ಹಾಸನದಿಂದ:
ಡಾಕ್ಟ್ರೇ, ಥ್ಯಾಂಕ್ಸ್, ನಿಮ್ಮ ಎರಡೂ ಸಾಲು ಹಾಗೆಯೇ ಹಾಕಿಸುತ್ತೇನೆ. ಪ್ರತಿಕಾಯ ಅನ್ನುವುದು ರಿಪೋರ್ಟಿನಲ್ಲಿ ಇರಲಿ, ಬೋರ್ಡಿನಲ್ಲಿ ಬೇಡ. ಎರಡನೇ ಕಿಟಕಿಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ಲಸಿಕೆ ಹಾಕಿಸಿದ ತಾರೀಕು ತಪ್ಪದೆ ಹೇಳಿ.’