ಡ್ಯಾಶ್‌ಕ್ಯಾಮ್‌ಗೆ ಫ್ಯೂಸ್ ಬಾಕ್ಸ್‌ನಿಂದ ಕರೆಂಟ್: ಹಾಕಿಸಿಕೊಂಡವರು ಅನುಭವ ಹೇಳಿ

ಕೇಳಿದವರು, ಬೆಂಗಳೂರು

ಪೆಟ್ರೋಲ್ ಹ್ಯಾಚ್‌ಬ್ಯಾಕ್, ವಾರಂಟಿ ಇನ್ನೂ ಇದೆ. ಮನೆಗೆ ಪಾರ್ಕಿಂಗ್ ಇಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಬೇಕು. ಯಾರೋ ಬಂಪರ್ ಉಜ್ಜಿಕೊಂಡು ಹೋದ ಮೇಲೆ ರಸ್ತೆ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ತಂದೆ. ಸದ್ಯಕ್ಕೆ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಓಡುತ್ತಿದೆ, ಕಾರು ಆಫ್ ಮಾಡಿದರೆ ಕ್ಯಾಮೆರಾನೂ ಆಫ್. ಪಾರ್ಕಿಂಗ್ ಮೋಡ್ ಬೇಕೆಂದರೆ, ಅಂದರೆ ಕಾರು ನಿಂತಾಗಲೂ ರೆಕಾರ್ಡ್ ಆಗಬೇಕೆಂದರೆ, ಫ್ಯೂಸ್ ಬಾಕ್ಸ್‌ನಿಂದ ಕರೆಂಟ್ ಕೊಡುವ ಹಾರ್ಡ್‌ವೈರ್ ಕಿಟ್ ಹಾಕಬೇಕಂತೆ. ಆಕ್ಸೆಸರೀಸ್ ಅಂಗಡಿಯವರು ಸ್ಟೀರಿಯೋ ಹಿಂದಿನ ವೈರ್ ಕತ್ತರಿಸಿ ಜಾಯಿಂಟ್ ಹಾಕ್ತೀವಿ ಅಂದರು, ಧೈರ್ಯ ಬರಲಿಲ್ಲ. ಆಫೀಸಿಗೆ ಮೆಟ್ರೋದಲ್ಲಿ ಹೋಗುವುದರಿಂದ ಕಾರು ಹೊರಗೆ ಬರುವುದು ಶನಿವಾರ, ಭಾನುವಾರ ಮಾತ್ರ. ಬ್ಯಾಟರಿ ತಡೆಯುತ್ತಾ?

ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ವೈರ್ ಕತ್ತರಿಸಲು ಬಿಡಬೇಡಿ. ಕಂಪನಿ ಹಾರ್ನೆಸ್‌ಗೆ (ಕಾರಿನ ವೈರ್‌ಗಳ ಕಟ್ಟಿಗೆ) ಬ್ಲೇಡ್ ತಾಗಿಸಿದರೆ ನಾಳೆ ಯಾವ ಕರೆಂಟ್ ತೊಂದರೆ ಬಂದರೂ ಸರ್ವಿಸ್ ಸೆಂಟರ್‌ನವರು ಆ ಜಾಯಿಂಟ್ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಫ್ಯೂಸ್ ಟ್ಯಾಪ್ ಅಂತ ಸಿಗುತ್ತದೆ, ಹೆಚ್ಚು ದುಡ್ಡಿನದಲ್ಲ. ಕಾರಿನ ಒಂದು ಫ್ಯೂಸ್ ತೆಗೆದು ಆ ಜಾಗಕ್ಕೆ ಟ್ಯಾಪ್ ಕೂರಿಸಬೇಕು. ಟ್ಯಾಪ್‌ನ ಒಂದು ಮನೆಗೆ ಅದೇ ಹಳೆಯ ಫ್ಯೂಸ್, ಇನ್ನೊಂದಕ್ಕೆ ಕ್ಯಾಮೆರಾದ 2 ಅಥವಾ 3 ಆಂಪಿಯರ್ ಫ್ಯೂಸ್. ಬೇಡವಾದ ದಿನ ಕಿತ್ತರೆ ಗುರುತೂ ಉಳಿಯುವುದಿಲ್ಲ. ಫ್ಯೂಸ್‌ಗಳಲ್ಲಿ ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ ಅಂತ ಅಳತೆ ಬೇರೆ ಬೇರೆ. ಅಂಗಡಿಗೆ ಹೋಗುವಾಗ ನಿಮ್ಮ ಕಾರಿನದೇ ಒಂದು ಫ್ಯೂಸ್ ಜೇಬಿನಲ್ಲಿ ಇಟ್ಟುಕೊಳ್ಳಿ.

ಟ್ಯಾಪ್‌ಗೆ ದಿಕ್ಕು ಇದೆ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಫ್ಯೂಸ್ ಕಿತ್ತ ಮೇಲೆ ಎರಡು ಕಂಡಿಯಲ್ಲಿ ಯಾವುದರಲ್ಲಿ ಕರೆಂಟ್ ಇದೆ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ. ಟ್ಯಾಪ್‌ನ ಎರಡು ಕಾಲುಗಳಲ್ಲಿ ಒಂದು ಎರಡೂ ಫ್ಯೂಸ್‌ಗೆ ಸೇರಿರುತ್ತದೆ. ಆ ಕಾಲು ಕರೆಂಟ್ ಇರುವ ಕಂಡಿಗೆ ಹೋಗಬೇಕು. ತಿರುಗಿಸಿ ಹಾಕಿದರೂ ಕ್ಯಾಮೆರಾ ಓಡುತ್ತದೆ, ಆದರೆ ಅದರ ಭಾರವೂ ಕಾರಿನ ಹಳೆಯ ಫ್ಯೂಸ್ ಮೇಲೆಯೇ ಬೀಳುತ್ತದೆ.

ಕಿಟ್‌ನಲ್ಲಿ ಮೂರು ವೈರ್. ಸಾಮಾನ್ಯವಾಗಿ ಹಳದಿ ಸದಾ ಕರೆಂಟ್ ಇರುವ ಫ್ಯೂಸ್‌ಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ, ಕಪ್ಪು ಬಾಡಿ ಅರ್ತ್‌ಗೆ, ಅಂದರೆ ಕಾರಿನ ಲೋಹದ ಮೈಗೆ. ಬಣ್ಣ ನೋಡಿ ನಂಬಬೇಡಿ, ವೈರ್ ಮೇಲಿನ ಚೀಟಿ ಓದಿ. ಕೆಂಪಿಗೆ ಸಾಕೆಟ್‌ನ ಫ್ಯೂಸ್ ಒಳ್ಳೆಯದು, ಹಳದಿಗೆ ಒಳಗಿನ ಲೈಟ್ ಅಥವಾ ಹಜಾರ್ಡ್ ಲೈಟ್‌ನದು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್), ಇಸಿಯು (ಎಂಜಿನ್ ಕಂಪ್ಯೂಟರ್) ಫ್ಯೂಸ್‌ಗಳ ತಂಟೆ ಬೇಡವೇ ಬೇಡ. ಕೆಲವು ಫ್ಯೂಸ್‌ನಲ್ಲಿ ಕಾರು ಲಾಕ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಕರೆಂಟ್ ಇದ್ದು ಆಮೇಲೆ ಹೋಗುತ್ತದೆ. ಹಾಗಾಗಿ ಸದಾ ಕರೆಂಟ್ ಇದೆ ಅನ್ನುವ ಮೊದಲು ಕಾರು ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಅರ್ತ್‌ಗೆ ಬಣ್ಣ ಇಲ್ಲದ ಲೋಹದ ಬೋಲ್ಟ್ ಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೇ ಸಿಕ್ಕಿಸಬೇಡಿ, ಈಗಿನ ಎಷ್ಟೋ ಕಾರುಗಳಲ್ಲಿ ಅಲ್ಲಿ ಬ್ಯಾಟರಿ ಸೆನ್ಸರ್ ಕೂತಿರುತ್ತದೆ.

ಧಾರವಾಡದವರು

ವೈರಿಂಗ್ ಹೇಳಿದ್ದು ಬರೋಬ್ಬರಿ ಐತ್ರಿ. ಆದ್ರ ಅವ್ರು ಕೇಳಿದ್ದು ಬ್ಯಾಟರಿ ತಡೀತದೇನು ಅಂತ. ಲೆಕ್ಕ ಹಾಕೂಣು. ಪಾರ್ಕಿಂಗ್ ಮೋಡ್‌ನ್ಯಾಗ ಕ್ಯಾಮೆರಾ 3 ವ್ಯಾಟ್ ತಿಂತದ ಅಂತ ಹಿಡೀರಿ. 12 ವೋಲ್ಟ್‌ಗೆ ಕಾಲು ಆಂಪಿಯರ್ ಆತು, ದಿನಕ್ಕ 6 ಆಂಪಿಯರ್-ಅವರ್. ಸಣ್ಣ ಪೆಟ್ರೋಲ್ ಗಾಡಿ ಬ್ಯಾಟರಿ 35 ಆಂಪಿಯರ್-ಅವರ್ ಆಸುಪಾಸು. ಮೂರು ದಿನಕ್ಕ ಅರ್ಧ ಖಾಲಿ! ಸೋಮವಾರ ನಿಲ್ಸಿದ ಗಾಡಿ ಶನಿವಾರ ಮುಂಜಾನೆ ಚಾಲೂ ಆಗಬೇಕಂದ್ರ ಹೆಂಗ್ರಿ?

ಕಿಟ್‌ನ್ಯಾಗ ಕಟ್-ಆಫ್ ಇರ್ತದ, ವೋಲ್ಟೇಜ್ ಇಳದ್ರ ತಾನ ಬಂದ್ ಮಾಡ್ತದ ಅಂತಾರ. ಖರೇ. ಆದ್ರ ಎಷ್ಟಕ್ಕ ಬಂದ್ ಮಾಡ್ತದ ಅನ್ನೂದು ಮುಖ್ಯ. 11.6, 11.8 ಅಂತೆಲ್ಲಾ ಸೆಟ್ಟಿಂಗ್ ಇರ್ತಾವ. ತುಂಬಿದ ಬ್ಯಾಟರಿ, ಗಾಡಿ ಬಂದ್ ಇದ್ದಾಗ, 12.6 ತೋರಸ್ತದ. 12.2ಕ್ಕ ಬಂತಂದ್ರ ಅರ್ಧ ಉಳದದ. 11.8 ಅಂದ್ರ ಹೆಚ್ಚುಕಡಿಮಿ ಬರೇ ಡಬ್ಬಿ. ಹಂಗ 12.2ರ ಕೆಳಗ ಇಡಬ್ಯಾಡ್ರಿ, 12.4 ಇದ್ರ ಇನ್ನೂ ಛಲೋ. ಪದೇ ಪದೇ ಖಾಲಿ ಮಾಡಿದ್ರ ಸೀಸದ ಬ್ಯಾಟರಿ ಆಯುಷ್ಯನ ಕಡಿಮಿ ಆಗ್ತದ. ವಾರಕ್ಕೊಮ್ಮೆ ತರಕಾರಿ ತರಾಕ ಹೋಗಿ ಬಂದ್ರ ತುಂಬೂದೂ ಇಲ್ಲ.

ನನ್ನ ಗಾಡಿಗೆ ಕೆಂಪು, ಹಳದಿ ಎರಡೂ ವೈರ್ ಕೂಡಿಸಿ ಸಾಕೆಟ್ ಫ್ಯೂಸ್‌ಗೇ ಹಚ್ಚೀನ್ರಿ. ಕೀ ತಿರುವಿದ್ರ ಚಾಲೂ, ತಗದ್ರ ಬಂದ್. ವೈರ್ ಕಾಣ್ಸೂದಿಲ್ಲ, ಸಾಕೆಟ್ ಫೋನ್ ಚಾರ್ಜಿಗೆ ಖಾಲಿ. ಪಾರ್ಕಿಂಗ್ ಮೋಡ್ ಆಸೆ ಬಿಟ್ಟೇನಿ.

ಪುತ್ತೂರಿನಿಂದ

ಫ್ಯೂಸ್ ಬಾಕ್ಸ್‌ನದ್ದು ಎಲ್ಲರೂ ಹೇಳ್ತಾರೆ, ವೈರ್ ಎಲ್ಲಿಂದ ಹೋಗ್ತದೆ ಅಂತ ಯಾರೂ ನೋಡುವುದಿಲ್ಲ ಮಾರಾಯ್ರೆ. ಕಿಟಕಿ ಪಕ್ಕ ಪರದೆಯ ಹಾಗೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರು ಆದರೆ ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಒಳಗೆ ಆ ಬ್ಯಾಗ್ ಮಡಚಿ ಇಟ್ಟದ್ದು ಉಂಟು. ವೈರ್ ಅದರ ಎದುರಿಂದ ಹಾದು ಹೋಗಬಾರದು, ಹಿಂದಿನಿಂದ, ಕಂಪನಿ ವೈರ್ ಜೊತೆಗೆ ಟೈ ಹಾಕಿ ಇಳಿಸಬೇಕು. ಬ್ಯಾಗ್ ಬಿಚ್ಚಿಕೊಳ್ಳುವಾಗ ಎದುರಿಗೆ ವೈರ್ ಇದ್ದರೆ ಅದು ಬಂದು ಹೊಡೆಯುವುದು ನಮ್ಮ ಮುಖಕ್ಕೇ. ಪರಿಚಯದವರ ಕಾರಿಗೆ ಒಂದು ಅಂಗಡಿಯವರು ಪ್ಲಾಸ್ಟಿಕ್‌ನ ಅಂಚಿಗೆ ಸುಮ್ಮನೆ ತುರುಕಿ ಕಳಿಸಿದ್ದರು, ಮತ್ತೆ ಬಿಚ್ಚಿ ಸರಿ ಮಾಡಬೇಕಾಯಿತು. ಹಳದಿ ಕನೆಕ್ಟರ್, ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದ್ದು, ಟೆಸ್ಟ್ ಲ್ಯಾಂಪ್ ಚುಚ್ಚಲಿಕ್ಕೆ ಹೋಗಬೇಡಿ.

ಹಿಂದಿನ ಕ್ಯಾಮೆರಾ ಉಂಟಾದರೆ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯ ಒಳಗಿಂದಲೇ ವೈರ್ ಎಳೆಯಿರಿ. ನಮ್ಮ ಮಳೆಗೆ ಬೇರೆ ತೂತು ಮಾಡಿದರೆ ನೀರು ಗ್ಯಾರಂಟಿ.

ಕೇಳಿದವರು

ಲೆಕ್ಕ ನೋಡಿ ಗಾಬರಿಯಾಯಿತು. ಇಷ್ಟೆಲ್ಲಾ ಬಿಚ್ಚುವ ಬದಲು, ಸರ್ವಿಸ್‌ನವರು ಸ್ಕ್ಯಾನರ್ ಹಾಕುವ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಕೇಬಲ್ ಆಗಬಹುದಾ? ಇಲ್ಲ ಪವರ್ ಬ್ಯಾಂಕ್ ಏನಾದರೂ?

ಮೈಸೂರಿನವರು

ಒಬಿಡಿ ಕೇಬಲ್ ಬಳಸುತ್ತಿದ್ದೇನೆ. ಸಿಕ್ಕಿಸಿದರೆ ಆಯಿತು, ಒಬಿಡಿಯ 16ನೇ ಪಿನ್‌ನಲ್ಲಿ ಸದಾ ಬ್ಯಾಟರಿ ಕರೆಂಟ್ ಇರುತ್ತದೆ. ಆದರೆ ಬ್ಯಾಟರಿ ಲೆಕ್ಕ ಅದೇ, ಧಾರವಾಡದವರು ಹೇಳಿದ್ದು ಇದಕ್ಕೂ ಅನ್ವಯ. ಕೇಬಲ್‌ನಲ್ಲೇ ಕಟ್-ಆಫ್ ಇರುವುದನ್ನು ನೋಡಿ ಕೊಳ್ಳಿ. ಸರ್ವಿಸ್‌ಗೆ ಬಿಡುವಾಗ ಕಿತ್ತಿಡಿ, ಅವರಿಗೂ ಅದೇ ಪೋರ್ಟ್ ಬೇಕು. ನಾನು ದಿನಾ ಊರಾಚೆ ಕೆಲಸಕ್ಕೆ ಕಾರಿನಲ್ಲೇ ಹೋಗಿ ಬರುವುದರಿಂದ ನನಗೆ ನಡೆಯುತ್ತದೆ, ನಿಮ್ಮ ಓಡಾಟಕ್ಕೆ ನಾನು ಹೇಳಲಾರೆ.

ಎಲೆಕ್ಟ್ರಿಕ್ ಕಾರಿನವರು, ಬೆಂಗಳೂರು

ಯಾರಾದರೂ ಇವಿಗೆ ಹಾಕುವವರಿದ್ದರೆ ಒಂದು ಮಾತು. ದೊಡ್ಡ ಬ್ಯಾಟರಿ ಇದೆ, ಎಷ್ಟು ಬೇಕಾದರೂ ಎಳೆಯಬಹುದು ಅಂದುಕೊಳ್ಳಬೇಡಿ. ಡ್ಯಾಶ್‌ಕ್ಯಾಮ್ ಓಡುವುದು ಅದೇ ಪುಟ್ಟ 12 ವೋಲ್ಟ್ ಬ್ಯಾಟರಿಯಿಂದ. ಅದು ಸತ್ತರೆ ದೊಡ್ಡದರಲ್ಲಿ ಚಾರ್ಜ್ ತುಂಬಿದ್ದರೂ ಕಾರು ಆನ್ ಆಗುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್, ಹತ್ತಿರವೂ ಹೋಗಬೇಡಿ.

ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ

ಫೋನ್‌ನ ಪವರ್ ಬ್ಯಾಂಕ್ ಕಾರಿನಲ್ಲಿ ಬಿಡಬೇಡಿ ಸರ್. ಬಿಸಿಲಿಗೆ ನಿಂತ ಕಾರು ಒಳಗೆ ಒಲೆಯ ಹಾಗೆ ಕಾಯುತ್ತದೆ, ಲಿಥಿಯಂ ಊದಿಕೊಳ್ಳುತ್ತದೆ. ಕ್ಯಾಮೆರಾನೂ ಒಳಗೆ ಬ್ಯಾಟರಿ ಬದಲು ಕೆಪಾಸಿಟರ್ (ಶಾಖ ತಡೆಯುವ, ಸ್ವಲ್ಪ ಕರೆಂಟ್ ಹಿಡಿದಿಡುವ ಭಾಗ) ಇರುವುದೇ ಆಗಬೇಕು, ನಿಮ್ಮದರಲ್ಲಿ ಏನಿದೆ ಅಂತ ಡಬ್ಬದ ಮೇಲೆ ನೋಡಿ. ಡ್ಯಾಶ್‌ಕ್ಯಾಮ್‌ಗೆಂದೇ ಬರುವ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಬೇರೆ. ಎಂಜಿನ್ ಓಡುವಾಗ ಅದು ಚಾರ್ಜ್ ಆಗಿ, ನಿಂತಾಗ ಕ್ಯಾಮೆರಾಗೆ ಕೊಡುತ್ತದೆ, ಕಾರಿನ ಬ್ಯಾಟರಿಗೆ ಕೈ ಹಾಕುವುದಿಲ್ಲ. ಆದರೆ ಬೆಲೆ ಕೆಲವು ಕ್ಯಾಮೆರಾಗಿಂತಲೂ ಜಾಸ್ತಿ. ಸೀಟಿನ ಕೆಳಗೆ, ನೆರಳಿನಲ್ಲಿ ಇಡಬೇಕು. ಅದರಿಂದಲೂ ನಿಮಗೆ ಐದು ದಿನ ಕಾವಲು ಸಿಗುವುದು ಕಷ್ಟ.

ನನ್ನ ಸಲಹೆ ಇಷ್ಟು: ಮೂರೂ ವೈರ್ ಸರಿಯಾಗಿ ಹಾಕಿಸಿ, ಕಟ್-ಆಫ್ 12.4ಕ್ಕೆ ಇಡಿ. ಕ್ಯಾಮೆರಾದಲ್ಲಿ ಟೈಮರ್ ಇದ್ದರೆ ಪಾರ್ಕಿಂಗ್ ಮೋಡ್ 6 ಗಂಟೆಗೆ ಸಾಕು ಮಾಡಿ. ಸೋಮವಾರದಿಂದ ಶುಕ್ರವಾರದವರೆಗೆ ಕಾರು ತೆಗೆಯುವುದಿಲ್ಲ ಅಂತ ಗೊತ್ತಿದ್ದರೆ ಹಳದಿ ವೈರ್‌ನ ಟ್ಯಾಪ್‌ನಿಂದ ಕ್ಯಾಮೆರಾದ ಪುಟ್ಟ ಫ್ಯೂಸ್ ಕಿತ್ತು ಡ್ಯಾಶ್‌ಬೋರ್ಡ್ ಡ್ರಾಯರ್‌ಗೆ ಹಾಕಿ. ಶನಿವಾರ ಕಾರು ತೆಗೆಯುವಾಗ, ಮದುವೆಗೋ ಜಾತ್ರೆಗೋ ಹೊರಡುವಾಗ ಮತ್ತೆ ಸಿಕ್ಕಿಸಿ. ಹಾಕಿಸಿದ ಮರುದಿನ ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮೊದಲು, ಬ್ಯಾಟರಿ ಟರ್ಮಿನಲ್‌ಗೆ ಮೀಟರ್ ಹಿಡಿದು ಎಷ್ಟಿದೆ ಅಂತ ಇಲ್ಲಿ ಹಾಕಿ. 12.3ಕ್ಕಿಂತ ಕೆಳಗಿದ್ದರೆ ಕಟ್-ಆಫ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಬ್ಯಾಟರಿಯೇ ಹಳತಾಗಿದೆ. ಯಾವುದು ಅಂತ ಆಮೇಲೆ ನೋಡೋಣ.